ಕೂಡಿ ಕಲಿತರೆ ಗೆಲುವು

ವಿದ್ಯಾರ್ಥಿಯೊಬ್ಬನು ಪರೀಕ್ಷೆಯಲ್ಲಿ ಅನುತ್ತೀರ್ಣನಾದರೆ ಅದರ ಹೊಣೆಯನ್ನು ಅವನ ಮೇಲೆಯೂ ಅವನ ಮನೆತನದ ಮೇಲೆಯೂ ಹೊರಿಸುವುದು ಲೋಕರೂಢಿ. ಬುದ್ಧಿ ಸಾಲದು, ಶ್ರದ್ಧೆಯಿಲ್ಲ, ಮನೆಯಲ್ಲಿ ಓದುವ ವಾತಾವರಣವಿಲ್ಲ ಎಂಬ ಮಾತುಗಳು ನಾಲಗೆಯ ತುದಿಯಲ್ಲಿಯೇ ಇರುತ್ತವೆ. ಈ ಮಾತುಗಳನ್ನು ಒರೆಗೆ ಹಚ್ಚಿ ನೋಡಿದವರು ಅಮೆರಿಕದ ಯೂರಿ ಟ್ರೀಸ್ಮನ್ ಎಂಬ ಗಣಿತಜ್ಞರು. ಅವರು ಕಂಡ ಸತ್ಯವು ಮಕ್ಕಳನ್ನು ಉನ್ನತ ಶಿಕ್ಷಣಕ್ಕೆ ಕಳುಹಿಸುವ ಪ್ರತಿಯೊಂದು ಕುಟುಂಬಕ್ಕೂ ಉಪಯುಕ್ತವಾದುದು.

1970ರ ದಶಕದಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದರು. ಅಲ್ಲಿ ವಿಜ್ಞಾನ ಹಾಗೂ ಇಂಜಿನಿಯರಿಂಗ್ ಓದಬಯಸುವವರಿಗೆ ಮೊದಲ ವರ್ಷದ ಕಲನಶಾಸ್ತ್ರವೇ ಹೆಬ್ಬಾಗಿಲು. ಕಪ್ಪು ಜನಾಂಗದ ವಿದ್ಯಾರ್ಥಿಗಳಲ್ಲಿ ಬಹುಮಂದಿ ಆ ಬಾಗಿಲಿನಲ್ಲಿಯೇ ಮುಗ್ಗರಿಸುತ್ತಿದ್ದರು. ಕಾರಣವೇನೆಂದು ಕೇಳಿದಾಗ ಪ್ರಾಧ್ಯಾಪಕರು ಕೊಟ್ಟ ಉತ್ತರಗಳೂ ಮೇಲೆ ಹೇಳಿದಂಥವೇ: ಉತ್ಸಾಹದ ಕೊರತೆ, ದುರ್ಬಲವಾದ ಪೂರ್ವಸಿದ್ಧತೆ, ಪಾಲಕರ ಅನಾದರ, ಬಡತನ.

ಟ್ರೀಸ್ಮನ್ ಊಹೆಯನ್ನು ನೆಚ್ಚಲಿಲ್ಲ. ಕಪ್ಪು ಜನಾಂಗದ 20 ಮಂದಿಯನ್ನೂ, ಕಲನಶಾಸ್ತ್ರದಲ್ಲಿ ಮುಂದಿದ್ದ ಚೀನೀ ಮೂಲದ 20 ಮಂದಿಯನ್ನೂ ಆರಿಸಿಕೊಂಡು, ಅವರು ಓದುವ ರೀತಿಯನ್ನು ಹತ್ತಿರದಿಂದ ಗಮನಿಸಿದರು. ಊಹೆಗಳೆಲ್ಲವೂ ಸುಳ್ಳಾದವು. ಸೋತವರ ತಂದೆತಾಯಿಗಳು ಮಕ್ಕಳ ವಿದ್ಯೆಗಾಗಿ ವರ್ಷಗಟ್ಟಲೆ ಶ್ರಮಿಸಿದವರೇ ಆಗಿದ್ದರು; ಮಕ್ಕಳೂ ಸೋಮಾರಿಗಳಾಗಿರಲಿಲ್ಲ. ಭೇದವಿದ್ದುದು ಒಂದೇ ಕಡೆ. ಅವರಲ್ಲಿ 18 ಮಂದಿ ಒಬ್ಬಂಟಿಯಾಗಿ ಓದುತ್ತಿದ್ದರು. ತಮಗೆ ಕಠಿಣವಾದುದು ಇತರರಿಗೂ ಕಠಿಣವೇ ಎಂಬುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಬಿಡಿಸಿ, ಸಂಜೆ ಒಂದೆಡೆ ಸೇರಿ ಒಬ್ಬರ ತಪ್ಪನ್ನು ಒಬ್ಬರು ತಿದ್ದುತ್ತಿದ್ದರು. ವಾರಕ್ಕೆ ಮೊದಲಿನವರು ಸುಮಾರು 8 ಗಂಟೆ ಓದಿದರೆ ಇವರದು ಸುಮಾರು 14 ಗಂಟೆ.

ಹಿಂದುಳಿದವರಿಗೆಂದು ವಿಶ್ವವಿದ್ಯಾಲಯವು ಏರ್ಪಡಿಸಿದ್ದ ಸಹಾಯದ ತರಗತಿಗಳತ್ತ ಈ ವಿದ್ಯಾರ್ಥಿಗಳು ಸುಳಿಯುತ್ತಿರಲಿಲ್ಲ. ತಮ್ಮ ಶಾಲೆಗಳಲ್ಲಿ ಮುಂದಾಳುಗಳಾಗಿದ್ದವರು 'ದಡ್ಡ'ರೆಂಬ ಹಣೆಪಟ್ಟಿಯನ್ನು ಹೇಗೆ ತಾನೇ ಹಚ್ಚಿಕೊಂಡಾರು? ಆದುದರಿಂದ 1978ರಲ್ಲಿ ಟ್ರೀಸ್ಮನ್ ಆರಂಭಿಸಿದ ಗಣಿತ ಕಾರ್ಯಶಿಬಿರವು ಪ್ರತಿಭಾವಂತರ ಕೂಟವೆಂದೇ ಕರೆಯಿಸಿಕೊಂಡಿತು. ಅಲ್ಲಿ ಕೊಡುತ್ತಿದ್ದುದು ಸುಲಭದ ಲೆಕ್ಕಗಳನ್ನಲ್ಲ, ತರಗತಿಯಲ್ಲಿ ಬರುವುದಕ್ಕಿಂತ ಕಠಿಣವಾದ ಸಮಸ್ಯೆಗಳನ್ನು. ವಿದ್ಯಾರ್ಥಿಗಳು ತಾವೇ ಯತ್ನಿಸಿ, ಬಳಿಕ ಸಣ್ಣ ಗುಂಪುಗಳಲ್ಲಿ ಚರ್ಚಿಸುತ್ತಿದ್ದರು. ಮಾರ್ಗದರ್ಶಕನು ಉತ್ತರ ಹೇಳದೆ ಸುಳಿವನ್ನಷ್ಟೇ ನೀಡುತ್ತಿದ್ದನು. ಪ್ರಾಧ್ಯಾಪಕರ ಬೆಂಬಲವೂ ಈ ಪ್ರಯೋಗಕ್ಕಿತ್ತು.

ಫಲವು ಎಲ್ಲರನ್ನೂ ಬೆರಗುಗೊಳಿಸಿತು. ಗಣಿತದ ಪ್ರವೇಶ ಪರೀಕ್ಷೆಯಲ್ಲಿ 800ಕ್ಕೆ 600ಕ್ಕಿಂತ ತುಸು ಹೆಚ್ಚು ಅಂಕ ಪಡೆದಿದ್ದ ಕಪ್ಪು ಜನಾಂಗದ ವಿದ್ಯಾರ್ಥಿಗಳು, 750ರ ಆಸುಪಾಸಿನಲ್ಲಿದ್ದ ಇತರರಿಗೆ ಸರಿಸಮನಾಗಿ ಕಲನಶಾಸ್ತ್ರದಲ್ಲಿ ತೇರ್ಗಡೆಯಾದರು. ವಿದ್ಯಾರ್ಥಿಗಳು ಬದಲಾಗಿರಲಿಲ್ಲ, ಪಠ್ಯವೂ ಬದಲಾಗಿರಲಿಲ್ಲ. ಕಲಿಯುವ ಏರ್ಪಾಡು ಬದಲಾಗಿತ್ತು. 1988ರಲ್ಲಿ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯವೂ ಇದೇ ಮಾದರಿಯನ್ನು ಕೈಗೊಂಡಿತು. ಟ್ರೀಸ್ಮನ್ ಅವರಿಗೆ 1992ರಲ್ಲಿ ಮ್ಯಾಕ್‌ಆರ್ಥರ್ ಫೆಲೋಷಿಪ್ ಗೌರವ ಸಂದಿತು.

ಹೊಸ ಬಗೆಯ ಬೋಧನೆಯೆಂದರೆ ದುಬಾರಿ ಯಂತ್ರಗಳೆಂದು ತಿಳಿಯಬೇಕಾಗಿಲ್ಲ. ಒಂದು ಕೊಠಡಿ, ಒಂದು ಕರಿಹಲಗೆ, ಸವಾಲೊಡ್ಡುವ ಲೆಕ್ಕಗಳು, ಮಕ್ಕಳ ಶಕ್ತಿಯಲ್ಲಿ ನಂಬಿಕೆಯುಳ್ಳ ಒಬ್ಬ ಗುರು: ಇಷ್ಟನ್ನು ಯಾವ ವಿದ್ಯಾಸಂಸ್ಥೆಯಾದರೂ ಒದಗಿಸಬಲ್ಲದು. ಪಾಲಕರೂ ತಮ್ಮ ಪಾಲಿನದನ್ನು ಮಾಡಬಹುದು. ದೂರದ ಊರಿನಲ್ಲಿ ಓದುವ ಮಗನೋ ಮಗಳೋ ರಜೆಗೆ ಮನೆಗೆ ಬಂದಾಗ 'ಎಷ್ಟು ಅಂಕ ಬಂತು?' ಎಂಬುದಕ್ಕಿಂತ ಮೊದಲು 'ಯಾರ ಜೊತೆ ಕೂತು ಓದುತ್ತೀ?' ಎಂದು ಕೇಳೋಣ. ಆ ಪ್ರಶ್ನೆಗೆ ಉತ್ತರವಿದ್ದರೆ ಅಂಕಗಳ ಚಿಂತೆ ಅರ್ಧ ಕಳೆದಂತೆಯೇ ಸರಿ.