ಅಮ್ಮನಿಗೆ ಬಂದಿತ್ತು, ನನಗೂ ಬರುತ್ತಾ? ಗರ್ಭಕಂಠದ ಕ್ಯಾನ್ಸರ್ ಮತ್ತು ಜೀನ್‌ಗಳ ಲೆಕ್ಕ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

 

ಎಚ್‌ಪಿವಿ ಲಸಿಕೆ ಬಗ್ಗೆ ಮಾತಾಡಿದ ಮೇಲೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇದೆ. "ಗರ್ಭಕಂಠದ ಕ್ಯಾನ್ಸರ್ ವೈರಸ್‌ನಿಂದ ಬರುತ್ತೆ ಅಂದ್ರಿ. ಹಾಗಾದ್ರೆ ನಮ್ಮ ಮನೇಲೇ ಅಮ್ಮನಿಗೂ ಚಿಕ್ಕಮ್ಮನಿಗೂ ಯಾಕೆ ಬಂತು? ನನಗೂ ಬರುತ್ತಾ?" ಈ ಪ್ರಶ್ನೆ ಹಿಂದೆ ಭಯ ಇದೆ. ಕೆಲವರ ಮನೇಲಿ ಅವಮಾನವೂ ಇದೆ. ಅದಕ್ಕೆ ಇವತ್ತು ಇದೊಂದೇ ವಿಷಯ.

ಮೊದಲೇ ಹೇಳ್ತೀನಿ, ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಕೊಡೋ ಸಲಹೆ ನನ್ನಿಂದ ಸಿಗಲ್ಲ. ಆದರೆ ಈ ವಿಷಯದಲ್ಲಿ ಅರ್ಧ ಗೊಂದಲ ಇರೋದು ಲೆಕ್ಕದಲ್ಲೇ.

ವೈರಸ್ ಬಂದವರಿಗೆಲ್ಲ ಕ್ಯಾನ್ಸರ್ ಬರಲ್ಲ

ಗರ್ಭಕಂಠದ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದ್ರೆ ಎಚ್‌ಪಿವಿ. ಈ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. 16 ಮತ್ತು 18 ಅನ್ನೋ ಎರಡು ಬಗೆಯ ಎಚ್‌ಪಿವಿಗಳೇ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಕಾರಣ.

ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತೆ. ತುಂಬಾ ಸಾಮಾನ್ಯ. ಬಹುತೇಕ ಹೆಣ್ಣು-ಗಂಡುಗಳಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುತ್ತೆ, ಗೊತ್ತೇ ಆಗದೆ ಹೋಗುತ್ತೆ. ಹತ್ತರಲ್ಲಿ ಸುಮಾರು ಒಂಬತ್ತು ಸೋಂಕುಗಳನ್ನು ದೇಹವೇ ಎರಡು ವರ್ಷದೊಳಗೆ ಹತ್ತಿಕ್ಕಿಬಿಡುತ್ತೆ. ಉಳಿದ ಕೆಲವರಲ್ಲಿ ಅದು ವರ್ಷಗಟ್ಟಲೆ ಬೇರು ಬಿಟ್ಟರೆ ಮಾತ್ರ ಅಪಾಯ. ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು.

ಹಾಗಾದ್ರೆ ಒಬ್ಬರ ದೇಹದಿಂದ ಓಡಿಹೋದ ವೈರಸ್ ಇನ್ನೊಬ್ಬರಲ್ಲಿ ಯಾಕೆ ಉಳಿಯುತ್ತೆ? ಸಿಗರೇಟ್ ಒಂದು ಕಾರಣ. ಎಚ್‌ಐವಿ ಇರುವ ಮಹಿಳೆಯರಿಗೆ ಈ ಕ್ಯಾನ್ಸರ್‌ನ ಅಪಾಯ ಸುಮಾರು ಆರು ಪಟ್ಟು ಹೆಚ್ಚು. ಅಂದ್ರೆ ರೋಗನಿರೋಧಕ ಶಕ್ತಿ ದುರ್ಬಲವಾದರೆ ವೈರಸ್‌ಗೆ ಹಾದಿ ಸಲೀಸು. ಆರೋಗ್ಯವಾಗಿರೋರಲ್ಲೂ ಈ ಶಕ್ತಿ ಎಲ್ಲರಿಗೂ ಒಂದೇ ಥರ ಇರಲ್ಲ. ಜೀನ್‌ಗಳ ಪಾತ್ರ ಶುರುವಾಗೋದು ಇಲ್ಲೇ.

ಬಿಲ್ ಹಿಡಿಯೋ ಕ್ಲಿಪ್

ಒಂದು ಬಜಾರ್ ಕಲ್ಪಿಸಿಕೊಳ್ಳಿ. ಪ್ರತಿ ಅಂಗಡಿಯೂ ಒಳಗೆ ಏನು ಸರಕಿದೆ ಅಂತ ಒಂದೊಂದು ಬಿಲ್ಲನ್ನು ಬಾಗಿಲ ಹೊರಗೆ ಕ್ಲಿಪ್ಪಿಗೆ ಸಿಕ್ಕಿಸಿಡಬೇಕು. ಇನ್‌ಸ್ಪೆಕ್ಟರ್ ಬೀದಿಯಲ್ಲಿ ಓಡಾಡ್ತಾ ನೋಡ್ತಾನೆ. ಕಳ್ಳ ಸರಕಿನ ಬಿಲ್ ಕಂಡರೆ ಅಂಗಡಿ ಸೀಲ್.

ನಮ್ಮ ಜೀವಕೋಶಗಳು ಮಾಡೋದೂ ಇದನ್ನೇ. ಒಳಗಿರುವ ಪ್ರೋಟೀನ್‌ಗಳ ಸಣ್ಣ ತುಣುಕುಗಳನ್ನು ಹೊರಗೆ ಹಿಡಿದು ತೋರಿಸ್ತವೆ. ಓಡಾಡೋ ಇನ್‌ಸ್ಪೆಕ್ಟರ್ ಅಂದ್ರೆ ಟಿ ಸೆಲ್. ತುಣುಕನ್ನು ಹಿಡಿಯೋ ಕ್ಲಿಪ್ ಅಂದ್ರೆ ಎಚ್‌ಎಲ್‌ಎ ಪ್ರೋಟೀನ್. ಬೋನ್ ಮ್ಯಾರೋ ದಾನಕ್ಕೆ "ಮ್ಯಾಚ್" ನೋಡ್ತಾರಲ್ಲ, ಅದೇ ಎಚ್‌ಎಲ್‌ಎ.

ಇದರ ಜೀನ್‌ಗಳು ನಮ್ಮ 6ನೇ ಕ್ರೋಮೋಸೋಮ್‌ನಲ್ಲಿ ಒತ್ತೊತ್ತಾಗಿ ಕೂತಿವೆ. ಮನುಷ್ಯರಲ್ಲಿ ಇವುಗಳ ಸಾವಿರಾರು ಮಾದರಿಗಳಿವೆ. ಪ್ರತಿ ಮಾದರಿಯ ಕ್ಲಿಪ್ಪಿನ ಆಕಾರ ಬೇರೆ. ಒಂದು ಕ್ಲಿಪ್ ಎಚ್‌ಪಿವಿಯ ತುಣುಕನ್ನು ಗಟ್ಟಿಯಾಗಿ ಹಿಡಿದು ಚೆನ್ನಾಗಿ ತೋರಿಸುತ್ತೆ, ಇನ್ನೊಂದರಲ್ಲಿ ಅದೇ ತುಣುಕು ಸರಿಯಾಗಿ ಕೂರಲ್ಲ. ಆಗ ಟಿ ಸೆಲ್ ಮುಂದೆ ಹೋಗಿಬಿಡಬಹುದು.

ಈ ಕಟ್ಟಿನಲ್ಲಿ ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ ಬರುತ್ತೆ. ಅದಕ್ಕೇ ಅಕ್ಕ-ತಂಗಿಯರಲ್ಲಿ ಪೂರ್ತಿ ಮ್ಯಾಚ್ ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. "ಅಕ್ಕನಿಗೆ ಬಂತು, ನನಗೆ ಖಂಡಿತ ಬರುತ್ತೆ" ಅನ್ನೋ ಮಾತು ಇಲ್ಲೇ ಬಿದ್ದುಹೋಗುತ್ತೆ.

ವೈರಸ್ಸೂ ಕಿಲಾಡಿ. ಸೋಂಕಿದ ಜೀವಕೋಶದ ಮೇಲಿನ ಕ್ಲಿಪ್‌ಗಳನ್ನೇ ಕಡಿಮೆ ಮಾಡೋ ತಂತ್ರ ಅದಕ್ಕೆ ಗೊತ್ತು. ಆದರೆ ಬಿಲ್ಲೇ ಹಾಕದ ಅಂಗಡಿ ಮೇಲೂ ಕಣ್ಣಿಡೋ ಇನ್ನೊಂದು ಸ್ಕ್ವಾಡ್ ಇದೆ, ನ್ಯಾಚುರಲ್ ಕಿಲ್ಲರ್ ಸೆಲ್‌ಗಳು. ಸಂಕಷ್ಟದಲ್ಲಿರೋ ಜೀವಕೋಶ ಇವುಗಳಿಗೆ ಅಪಾಯದ ಸಿಗ್ನಲ್ ಕೊಡುತ್ತೆ. ಅಂಥ ಒಂದು ಸಿಗ್ನಲ್‌ನ ಜೀನ್ ಹೆಸರು ಎಮ್‌ಐಸಿಎ. ಅದೂ ಎಚ್‌ಎಲ್‌ಎ ಪಕ್ಕದಲ್ಲೇ ಇದೆ.

ಸ್ವೀಡನ್ ಲೆಕ್ಕದ ಪುಸ್ತಕ

ಇದಕ್ಕೆ ಪುರಾವೆ ಏನು? ಸ್ವೀಡನ್‌ನಲ್ಲಿ ಯಾರು ಯಾರ ಮಗಳು, ಯಾರಿಗೆ ಯಾವ ಕ್ಯಾನ್ಸರ್ ಬಂತು ಅನ್ನೋದರ ರಾಷ್ಟ್ರೀಯ ದಾಖಲೆ ದಶಕಗಳಿಂದ ಇದೆ. ಅದನ್ನು ಇಟ್ಟುಕೊಂಡು 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ರೋಗಿಯ ಹೆತ್ತ ತಾಯಿ ಮತ್ತು ಒಡಹುಟ್ಟಿದ ಅಕ್ಕತಂಗಿಯರಲ್ಲಿ ಅಪಾಯ ಸುಮಾರು ಎರಡು ಪಟ್ಟು. ದತ್ತು ಸಂಬಂಧದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಒಂದೇ ಮನೆ, ಒಂದೇ ಊಟ ಅನ್ನೋದಕ್ಕಿಂತ ರಕ್ತಸಂಬಂಧಕ್ಕೆ ತೂಕ ಇದೆ ಅಂತಾಯ್ತು.

2013ರಲ್ಲಿ ಸ್ವೀಡನ್ನಿನದೇ ಇನ್ನೊಂದು ಅಧ್ಯಯನ. ಈ ಕ್ಯಾನ್ಸರ್ ಅಥವಾ ಅದರ ತೀರಾ ಆರಂಭದ ಹಂತ ಕಂಡ ಸುಮಾರು ಸಾವಿರ ಮಹಿಳೆಯರ ಜೀನ್‌ಗಳನ್ನು ಸುಮಾರು ನಾಲ್ಕು ಸಾವಿರ ಇತರರ ಜೊತೆ ಹೋಲಿಸಿದರು. ಇಡೀ ಜೀನೋಮ್ ಜಾಲಾಡಿದ ಮೇಲೆ ಬೆರಳು ತೋರಿಸಿದ್ದು 6ನೇ ಕ್ರೋಮೋಸೋಮ್‌ನ ಇದೇ ಬೀದಿಗೆ: ಎಮ್‌ಐಸಿಎ ಹತ್ತಿರ, ಎಚ್‌ಎಲ್‌ಎ-ಡಿಆರ್‌ಬಿ1 ಹತ್ತಿರ, ಎಚ್‌ಎಲ್‌ಎ-ಡಿಪಿಬಿ2 ಹತ್ತಿರ. ಡಿಆರ್‌ಬಿ1ರಲ್ಲಿ 13 ಅನ್ನೋ ನಂಬರಿನ ಗುಂಪು ರಕ್ಷಣೆ ಕೊಡುತ್ತೆ ಅನ್ನೋದು ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. 15ರ ಗುಂಪಿನ ಒಂದು ಮಾದರಿ ಅಪಾಯದ ಕಡೆ ವಾಲುತ್ತೆ.

ಎರಡು ಪಟ್ಟು ಅಂದ್ರೆ ಎಷ್ಟು?

ಇಲ್ಲಿ ಕಾಮರ್ಸ್ ನೆನಪು ಮಾಡ್ಕೊಳ್ಳಿ. ಹತ್ತು ರೂಪಾಯಿ ಲಾಭ ಇಪ್ಪತ್ತಾದರೂ ಅದು "ಶೇ 100 ಏರಿಕೆ". ಹೆಡ್‌ಲೈನ್ ದೊಡ್ಡದು, ಗಲ್ಲಾಪೆಟ್ಟಿಗೆಯಲ್ಲಿ ಬಂದಿದ್ದು ಹತ್ತೇ ರೂಪಾಯಿ. ಉದಾಹರಣೆಗೆ, ಒಂದು ಕಾಯಿಲೆ ನೂರರಲ್ಲಿ ಒಬ್ಬರಿಗೆ ಬರುತ್ತೆ ಅಂದ್ಕೊಳ್ಳಿ. ಎರಡು ಪಟ್ಟಾದರೆ ನೂರರಲ್ಲಿ ಇಬ್ಬರಿಗೆ. ಉಳಿದ 98 ಜನಕ್ಕೆ ಬರಲ್ಲ.

ಏಂಜಲೀನಾ ಜೋಲಿ 2013ರಲ್ಲಿ ಸ್ತನ ತೆಗೆಸಿಕೊಂಡ ಸುದ್ದಿ ನೆನಪಿರಬಹುದು. ಅವರಲ್ಲಿದ್ದದ್ದು ಬಿಆರ್‌ಸಿಎ1 ಜೀನ್‌ನ ದೋಷ, ಒಂದೇ ಜೀನ್ ಅಪಾಯವನ್ನು ಬಹಳ ಮೇಲೆ ಎತ್ತುತ್ತೆ. ಎಚ್‌ಎಲ್‌ಎ ಹಾಗಲ್ಲ. ತಕ್ಕಡಿಯನ್ನು ಸ್ವಲ್ಪ ಆಚೆ ಈಚೆ ವಾಲಿಸುತ್ತೆ, ಅಷ್ಟೇ. ಸೋಂಕು ತಗಲದಿದ್ದರೆ ಈ ಜೀನ್‌ಗಳಿಗೆ ಇಲ್ಲಿ ಮಾಡೋಕೆ ಕೆಲಸವೇ ಇಲ್ಲ. ಜೊತೆಗೆ ಎಚ್‌ಎಲ್‌ಎ ಮಾದರಿಗಳ ಹಂಚಿಕೆ ಒಂದೊಂದು ಜನಸಮುದಾಯದಲ್ಲಿ ಒಂದೊಂದು ಥರ. ಸ್ವೀಡನ್ನಿನ ಅಂಕಿಯನ್ನು ಕಲಬುರಗಿಗೋ ಮಂಗಳೂರಿಗೋ ಹಾಗೇ ಅಂಟಿಸೋಕೆ ಬರಲ್ಲ. ಆದ್ದರಿಂದ ಯಾರಾದರೂ ಆನ್‌ಲೈನಲ್ಲಿ "ಜೀನ್ ಟೆಸ್ಟ್ ಮಾಡಿಸಿ, ಗರ್ಭಕಂಠದ ಕ್ಯಾನ್ಸರ್ ಬರುತ್ತೋ ಇಲ್ವೋ ಹೇಳ್ತೀವಿ" ಅಂದ್ರೆ ದುಡ್ಡು ಜೇಬಲ್ಲೇ ಇರಲಿ.

ಹಾಗಾದ್ರೆ ಏನು ಮಾಡ್ಬೇಕು?

2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಜನ ತೀರಿಕೊಂಡರು. ಇವರಲ್ಲಿ ಬಹುತೇಕರನ್ನು ಉಳಿಸಬಹುದಾಗಿದ್ದ ದಾರಿಗಳು ಜೀನ್ ಲ್ಯಾಬ್‌ನಲ್ಲಿಲ್ಲ.

ಒಂದು, ಲಸಿಕೆ. ವೈರಸ್ ಒಳಗೆ ಬರೋ ಮೊದಲೇ ಪ್ರತಿಕಾಯಗಳು ತಡೀತವೆ. ಲಸಿಕೆ ಪಡೆದ ಬಹುತೇಕ ಎಲ್ಲರಲ್ಲೂ ಪ್ರತಿಕಾಯ ಬೆಳೆಯುತ್ತೆ. 9ರಿಂದ 14 ವರ್ಷ ಇದಕ್ಕೆ ಒಳ್ಳೆ ವಯಸ್ಸು. ಆ ವಯಸ್ಸು ದಾಟಿದವರು ಡಾಕ್ಟರ್ ಹತ್ರ ಕೇಳಿ.

ಎರಡು, ತಪಾಸಣೆ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಇದೆ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಬಿಳಿ ಮಚ್ಚೆ ಕಾಣುತ್ತಾ ಅಂತ ನೋಡ್ತಾರೆ, ಕೆಲವೇ ನಿಮಿಷ. ಪ್ಯಾಪ್ ಸ್ಮಿಯರ್, ಎಚ್‌ಪಿವಿ ಟೆಸ್ಟ್ ಕೂಡ ಇವೆ. ಆ 15-20 ವರ್ಷದ ಅಂತರದಲ್ಲಿ ಸಿಕ್ಕಿಬಿದ್ದರೆ ಕ್ಯಾನ್ಸರ್ ಆಗೋ ಮೊದಲೇ ಚಿಕಿತ್ಸೆ ಆಗುತ್ತೆ. ಮನೇಲಿ ಯಾರಿಗಾದರೂ ಬಂದಿದ್ದರೆ ಅದನ್ನು ಡಾಕ್ಟರ್‌ಗೆ ಹೇಳಿ. ಯಾರಿಗೂ ಬಂದಿಲ್ಲ ಅಂತ ತಪಾಸಣೆ ಬಿಡಬೇಡಿ, ವೈರಸ್ ವಂಶವೃಕ್ಷ ನೋಡಿ ಬರಲ್ಲ.

ಮೂರು, ನಾಲಿಗೆ ಮೇಲೆ ಹಿಡಿತ. ಈ ಕಾಯಿಲೆ ಬಂದ ಹೆಂಗಸಿನ ಬಗ್ಗೆ ಪಿಸುಮಾತು ಆಡೋದು ಇನ್ನೂ ನಿಂತಿಲ್ಲ. ಜೀವನದಲ್ಲಿ ಒಬ್ಬರೇ ಸಂಗಾತಿ ಇದ್ದರೂ ಎಚ್‌ಪಿವಿ ತಗಲಬಹುದು. ಅದು ದೇಹದಲ್ಲಿ ಉಳಿಯುತ್ತೋ ಇಲ್ವೋ ಅನ್ನೋದರಲ್ಲಿ ಹುಟ್ಟಿನಿಂದ ಬಂದ ಕ್ಲಿಪ್‌ಗಳ ಪಾಲೂ ಇದೆ. ಆ ಕ್ಲಿಪ್‌ಗಳನ್ನು ಯಾರೂ ಆರಿಸಿಕೊಂಡು ಬಂದಿಲ್ಲ. ಇದರಲ್ಲಿ ಶೀಲದ ಪ್ರಶ್ನೆ ಎಲ್ಲಿಂದ ಬಂತು?

ಎಪಿಸೋಡ್ ಮುಗಿದ ಮೇಲೆ ಅಮ್ಮನಿಗೋ, ಅತ್ತೆಗೋ, ಅಕ್ಕನಿಗೋ ಒಂದು ಫೋನ್ ಮಾಡಿ, "ತಪಾಸಣೆ ಮಾಡಿಸಿದ್ಯಾ?" ಅಂತ ಕೇಳಿ. ಒಬ್ಬರೇ ಹೋಗೋಕೆ ಮುಜುಗರ ಅಂದ್ರೆ ಜೊತೆಗೆ ಹೋಗಿ. ಮುಂದಿನ ವಾರ ಸಿಗೋಣ.