ಥೋರಿಯಂ ಮತ್ತು ನ್ಯೂಟ್ರಾನುಗಳ ಆಯವ್ಯಯ

ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿ ಮೊದಲಾದ ಕಡಲತೀರಗಳ ಮರಳಿನಲ್ಲಿ ಮೋನಜೈಟ್ ಖನಿಜವು ಬೆರೆತಿರುವುದೂ, ಅದರಲ್ಲಿ ಥೋರಿಯಂ ಅಡಗಿರುವುದೂ ವಿದಿತವೇ ಆಗಿದೆ. ಒಂದು ಕಾಲದಲ್ಲಿ ಈ ಮರಳು ಗ್ಯಾಸ್ ದೀಪಗಳ ಮ್ಯಾಂಟಲ್‌ಗಾಗಿ ಯೂರೋಪಿಗೆ ಹಡಗೇರುತ್ತಿತ್ತು. ಇಷ್ಟು ಸಂಪತ್ತಿದ್ದೂ ಅದರಿಂದ ವಿದ್ಯುಚ್ಛಕ್ತಿಯನ್ನು ಏಕೆ ಪಡೆಯುತ್ತಿಲ್ಲವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಇದಕ್ಕೆ ಉತ್ತರವನ್ನು ನ್ಯೂಟ್ರಾನುಗಳ ಆಯವ್ಯಯದಲ್ಲಿ ಹುಡುಕಬೇಕು.

ಥೋರಿಯಂ ಸ್ವತಃ ಇಂಧನವಲ್ಲ. ಮಂದಗತಿಯ ನ್ಯೂಟ್ರಾನು ತಾಗಿದಾಗ ಥೋರಿಯಂ-232ರ ಪರಮಾಣುಬೀಜವು ಒಡೆಯದೆ, ಅದನ್ನು ನುಂಗಿ ಥೋರಿಯಂ-233 ಆಗುತ್ತದೆ. ಇದು ಸುಮಾರು 22 ಮಿನಿಟುಗಳ ಅರ್ಧಾಯುವಿನಲ್ಲಿ ಪ್ರೋಟಾಕ್ಟಿನಿಯಂ-233 ಆಗಿಯೂ, ಅದು ಸುಮಾರು 27 ದಿನಗಳ ಅರ್ಧಾಯುವಿನಲ್ಲಿ ಯುರೇನಿಯಂ-233 ಆಗಿಯೂ ಮಾರ್ಪಡುತ್ತದೆ. ವಿದಳನಗೊಂಡು ಶಕ್ತಿಯನ್ನು ಕೊಡುವುದು ಈ ಕೊನೆಯದು. ಹಾಲು ಎಷ್ಟಿದ್ದರೂ ಹೆಪ್ಪಿಲ್ಲದೆ ಮೊಸರಾಗದು. ಅಂತೆಯೇ ಮೊದಲ ನ್ಯೂಟ್ರಾನುಗಳನ್ನು ಯುರೇನಿಯಂ-235ರಿಂದಲೋ ಪ್ಲುಟೋನಿಯಂನಿಂದಲೋ ಎರವಲು ತರಬೇಕು.

ಎರವಲು ತಂದ ಮೇಲಾದರೂ ಲೆಕ್ಕ ಸರಿದೂಗುವುದೇ? ಯುರೇನಿಯಂ-233 ಒಂದು ಮಂದ ನ್ಯೂಟ್ರಾನನ್ನು ಹೀರಿದರೆ ಸರಾಸರಿ ಸುಮಾರು 2.3 ಹೊಸ ನ್ಯೂಟ್ರಾನುಗಳು ದೊರೆಯುತ್ತವೆ. ಸರಣಿಕ್ರಿಯೆ ಮುಂದುವರಿಯಲು ಒಂದು ಬೇಕು. ವ್ಯಯವಾದ ಬೀಜಕ್ಕೆ ಬದಲಾಗಿ ಥೋರಿಯಂನಿಂದ ಹೊಸದನ್ನು ಪಡೆಯಲು ಇನ್ನೊಂದು ಬೇಕು. ಸೋರಿಕೆಯೇ ಮೊದಲಾದ ಸಕಲ ನಷ್ಟಗಳೂ ಮಿಕ್ಕ 0.3ರಲ್ಲಿಯೇ ಅಡಗಬೇಕು. ಇಲ್ಲಿ ಪ್ರೋಟಾಕ್ಟಿನಿಯಂನ ನಿಧಾನವೇ ದೊಡ್ಡ ತೊಡಕು. ಕಾಯುವ ಅವಧಿಯಲ್ಲಿ ಅದು ಮತ್ತೊಂದು ನ್ಯೂಟ್ರಾನನ್ನು ನುಂಗಿತೆಂದರೆ, ಆ ನ್ಯೂಟ್ರಾನೂ ಹೋಯಿತು, ಹುಟ್ಟಬೇಕಾಗಿದ್ದ ಯುರೇನಿಯಂ-233ರ ಬೀಜವೂ ಹೋಯಿತು. ಆದರೂ ಲೆಕ್ಕ ಅಸಾಧ್ಯವಾದುದಲ್ಲ. ಅಮೆರಿಕದ ಶಿಪ್ಪಿಂಗ್‌ಪೋರ್ಟ್ ಸ್ಥಾವರದಲ್ಲಿ 1977ರಿಂದ 1982ರವರೆಗೆ ಇಂತಹ ಇಂಧನವನ್ನು ಬಳಸಿ ಪರೀಕ್ಷಿಸಿದಾಗ, ವಿದಳನಶೀಲ ದ್ರವ್ಯವು ಮೊದಲಿಗಿಂತ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚಾಗಿ ಉಳಿದಿತ್ತು. ಓಕ್ ರಿಡ್ಜ್‌ನ ದ್ರವಲವಣ ರಿಯಾಕ್ಟರು 1968ರಲ್ಲಿ ಯುರೇನಿಯಂ-233ರಿಂದ ನಡೆಯಿತೆಂಬುದು ನಿಜ. ಆದರೆ ಅದರ ಲವಣದಲ್ಲಿ ಥೋರಿಯಂ ಇರಲಿಲ್ಲವೆಂಬುದನ್ನು ಉತ್ಸಾಹಿಗಳು ಮರೆಯುತ್ತಾರೆ.

ಇನ್ನೊಂದು ಅಡ್ಡಿಯುಂಟು. ಯುರೇನಿಯಂ-233ರೊಡನೆ ಅಲ್ಪ ಪ್ರಮಾಣದ ಯುರೇನಿಯಂ-232 ಕೂಡಿಯೇ ಹುಟ್ಟುತ್ತದೆ. ಅದರ ಸಂತತಿಯಾದ ಥ್ಯಾಲಿಯಂ-208 ತೀಕ್ಷ್ಣವಾದ ಗಾಮಾ ಕಿರಣಗಳನ್ನು ಸೂಸುವುದರಿಂದ, ಇಂಧನವನ್ನು ಮತ್ತೆ ರೂಪಿಸುವ ಕೆಲಸವೆಲ್ಲ ದಪ್ಪ ಗೋಡೆಯ ಆಚೆಯಿಂದ ಯಂತ್ರಹಸ್ತಗಳಿಂದಲೇ ನಡೆಯಬೇಕು.

ಹೋಮಿ ಭಾಭಾ ಅವರು 1954ರಲ್ಲಿ ಮುಂದಿಟ್ಟ ಮೂರು ಹಂತಗಳ ಯೋಜನೆಯು ಈ ಎರವಲಿನ ಕ್ರಮವೇ ಆಗಿದೆ: ಸಹಜ ಯುರೇನಿಯಂನಿಂದ ಪ್ಲುಟೋನಿಯಂ, ವೇಗವರ್ಧಕ ರಿಯಾಕ್ಟರುಗಳಲ್ಲಿ ಅದರ ವೃದ್ಧಿ, ಅನಂತರ ಥೋರಿಯಂ. ಕಲ್ಪಾಕ್ಕಂನಲ್ಲಿ 1996ರಲ್ಲಿ ಆರಂಭವಾದ ಕಾಮಿನಿ ರಿಯಾಕ್ಟರು ಯುರೇನಿಯಂ-233ರಿಂದ ನಡೆಯುವುದಾದರೂ ಅದರ ಸಾಮರ್ಥ್ಯ 30 ಕಿಲೋವಾಟ್ ಮಾತ್ರ. ನಮ್ಮ ಕೈಗಾದ ಮೊದಲೆರಡು ರಿಯಾಕ್ಟರುಗಳ ಪ್ರಾರಂಭದಲ್ಲಿಯೂ ಥೋರಿಯಂ ಕಂತೆಗಳನ್ನು ಇರಿಸಿದ್ದರು. ಆದರೆ ಅಲ್ಲಿ ಅದಕ್ಕೆ ಒಪ್ಪಿಸಿದ್ದ ಮುಖ್ಯ ಕೆಲಸವೆಂದರೆ ನಡುಭಾಗದ ಹೆಚ್ಚಿನ ನ್ಯೂಟ್ರಾನುಗಳನ್ನು ನುಂಗಿ ಶಕ್ತಿಯನ್ನು ಸಮವಾಗಿ ಹರಡುವುದು.

ಎರಡನೆಯ ಹಂತದ 500 ಮೆಗಾವಾಟ್ ಮಾದರಿಯ ಗರ್ಭವನ್ನು ತುಂಬುವ ಕಾರ್ಯ ಕಲ್ಪಾಕ್ಕಂನಲ್ಲಿ 2024ರ ಮಾರ್ಚಿನಲ್ಲಷ್ಟೇ ಮೊದಲಾಯಿತು. ಈ ಹಂತವನ್ನು ಹಾರಿ ಥೋರಿಯಂಗೆ ಕೈಹಾಕಬಾರದೇ ಎಂಬ ಅವಸರ ಸಹಜವೇ. ಆದರೆ ವೇಗದ ನ್ಯೂಟ್ರಾನುಗಳ ರಿಯಾಕ್ಟರಿನಲ್ಲಿ ಪ್ಲುಟೋನಿಯಂ ಕೊಡುವಷ್ಟು ನ್ಯೂಟ್ರಾನುಗಳನ್ನು ಯುರೇನಿಯಂ-233 ಕೊಡಲಾರದು. ಥೋರಿಯಂ ಅನ್ನು ಬೇಗನೆ ತಂದಷ್ಟೂ ಹೆಪ್ಪು ಬೆಳೆಯುವ ವೇಗ ಕುಗ್ಗುತ್ತದೆ.