ತರಗತಿಗೆ ಗಾಳಿ ಎಲ್ಲಿಂದ ಬರುತ್ತದೆ?



ಮಕ್ಕಳನ್ನು ಕಾಲೇಜಿಗೆ ಸೇರಿಸುವ ದಿನಗಳು ಬಂದವೆಂದರೆ ಎಲ್ಲರ ಮನೆಯಲ್ಲೂ ಒಂದು ಪ್ರಶ್ನೆ ಇದ್ದೇ ಇರುತ್ತದೆ: ‘ಕ್ಲಾಸಿಗೆ ಏಸಿ ಉಂಟಾ?’ ಚೆನ್ನೈ ಸೆಕೆ ಉಂಡವರು ಹಾಗೆ ಕೇಳುವುದು ಸಹಜವೇ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಕೇಳಬೇಕು. ಆ ಕೋಣೆಗೆ ಹೊರಗಿನ ಗಾಳಿ ಎಲ್ಲಿಂದ ಬರುತ್ತದೆ?

ಗೋಡೆಗೆ ತಗುಲಿಹಾಕುವ ಸಾಮಾನ್ಯ ಏಸಿ ಹೊಸ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ಅರವತ್ತು ಜನ ಕೂತ ತರಗತಿಯ ಕಿಟಕಿ ಮುಚ್ಚಿದರೆ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾರೆ, ಅಷ್ಟೆ. ಹೊರಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಪಾಲಿಗೆ ಸುಮಾರು 420. ಮುಚ್ಚಿದ, ತುಂಬಿದ ಕೋಣೆಯಲ್ಲಿ ಅದು ಸಾವಿರವನ್ನು ಸಲೀಸಾಗಿ ದಾಟುತ್ತದೆ. ತಲೆ ಭಾರ, ಆಕಳಿಕೆ, ತೂಕಡಿಕೆ. ಮೇಷ್ಟ್ರ ಪಾಠವನ್ನು ಬೈಯುವ ಮೊದಲು ಕಿಟಕಿ ನೋಡಿ! ಸದ್ದು ಬರದಂತೆ ಬಿಗಿದ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಮಾತಾಡುವ ನಮಗೆ ಇದು ಚೆನ್ನಾಗಿ ಗೊತ್ತು.

ಆಕಳಿಕೆಯೇನೋ ಸಣ್ಣ ಸಂಗತಿ. ಕ್ಷಯ, ಫ್ಲೂ, ಕೋವಿಡ್ ಇವೆಲ್ಲ ಗಾಳಿಯಲ್ಲೇ ಹರಡುವಂಥವು. 2020ರ ಡಿಸೆಂಬರಿನಲ್ಲಿ ಐಐಟಿ ಮದ್ರಾಸಿನಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಕೋವಿಡ್ ತಗುಲಿತು. ಹಾಸ್ಟೆಲಿನವರೆಲ್ಲ ಒಂದೇ ಮೆಸ್ಸಿನಲ್ಲಿ ಸೇರುತ್ತಿದ್ದುದು ಕಾರಣವಿರಬೇಕೆಂದು ಆಗ ಹೇಳಿದರು. ಸುತ್ತ ಆರುನೂರು ಎಕರೆ ಮರಗಿಡ, ಜಿಂಕೆಗಳಿರುವ ಆವರಣ ಅದು. ಹೊರಗೆ ಎಷ್ಟು ಹಸಿರಿದ್ದರೇನು, ಜನ ಸೇರುವ ಸೂರಿನಡಿ ಗಾಳಿ ಆಡಬೇಕು.

ಹಿಂದಿನವರು ಏನು ಮಾಡುತ್ತಿದ್ದರು ಎಂದು ನೋಡಬೇಕಾದರೆ ಮರೀನಾಕ್ಕೆ ಹೋಗಿ. ಮದ್ರಾಸ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಅಲ್ಲಿದೆ. ರಾಬರ್ಟ್ ಚಿಶಮ್ ನಕ್ಷೆ ಹಾಕಿದ ಈ ಕಟ್ಟಡ ಎದ್ದದ್ದು 1874ರಿಂದ 1879ರೊಳಗೆ. ದಪ್ಪ ಗೋಡೆ, ಕಮಾನುಗಳ ಜಗಲಿ, ತಲೆಯೆತ್ತಿದರೆ ಕತ್ತು ನೋಯುವಷ್ಟು ಎತ್ತರದ ಚಾವಣಿ. ಬಿಸಿಗಾಳಿ ಮೇಲೇರುತ್ತದೆ, ಕೂತವರ ಮಟ್ಟದಲ್ಲಿ ತಂಪು ಉಳಿಯುತ್ತದೆ. ಬಿಸಿಲು ಮೊದಲು ಜಗಲಿಗೆ ಬಡಿಯುತ್ತದೆ, ಒಳಗೋಡೆಗಲ್ಲ. (ಕಿಟ್ಟೆಲ್ ಕೋಶವನ್ನು ಪರಿಷ್ಕರಿಸಿ, 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದೂ ಇದೇ ವಿಶ್ವವಿದ್ಯಾಲಯ. ಸಂಪಾದಕರು ಎಂ. ಮರಿಯಪ್ಪ ಭಟ್ಟರು. ಆ ಕಡೆ ಹೋದಾಗ ಕನ್ನಡಿಗರು ಅದನ್ನೂ ನೆನೆಯಬಹುದು.)

ಇಂದು ಅಷ್ಟೆತ್ತರ ಕಟ್ಟಲು ದುಡ್ಡೂ ಇಲ್ಲ, ಜಾಗವೂ ಇಲ್ಲ. ಆದರೆ ದಿಕ್ಕು ನೋಡಿ ಕಟ್ಟುವುದಕ್ಕೆ ಹೆಚ್ಚು ಖರ್ಚಿಲ್ಲ. ಚೆನ್ನೈನಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ನಡುಮಧ್ಯಾಹ್ನ ನೇರ ನೆತ್ತಿಯ ಮೇಲೆ ಬಂದು, ಆಮೇಲೆ ಉತ್ತರಕ್ಕೆ ವಾಲಿ, ಆಗಸ್ಟ್ ನಡುವಿಗೆ ಮತ್ತೆ ನೆತ್ತಿಗೆ ಬರುತ್ತಾನೆ. ಆದ್ದರಿಂದ ಇಲ್ಲಿ ಹೆಚ್ಚು ಕಾಯುವುದು ತಾರಸಿ. ಅದಕ್ಕೆ ನೆರಳು ಬೇಕು, ಇಲ್ಲವೇ ಬಿಳಿ ಬಣ್ಣ. ಎತ್ತರದ ಸೂರ್ಯನನ್ನು ಕಿಟಕಿಯ ಮೇಲಿನ ಸಜ್ಜಾ ತಡೆಯುತ್ತದೆ. ಬೆಳಗಿನ, ಸಂಜೆಯ ಓರೆ ಬಿಸಿಲನ್ನು ಯಾವ ಸಜ್ಜಾವೂ ತಡೆಯದು. ಹಾಗಾಗಿ ಉದ್ದದ ಗೋಡೆಗಳು ಉತ್ತರ-ದಕ್ಷಿಣಕ್ಕೆ, ಗಿಡ್ಡ ಗೋಡೆಗಳು ಪೂರ್ವ-ಪಶ್ಚಿಮಕ್ಕೆ.

ಇನ್ನು ಕಡಲಗಾಳಿ. ಬೇಸಗೆಯಲ್ಲಿ ಬೆಳಿಗ್ಗೆ ಪಶ್ಚಿಮದ ಒಣ ಬಿಸಿಗಾಳಿ, ಮಧ್ಯಾಹ್ನದ ಹೊತ್ತಿಗೆ ಆಗ್ನೇಯದಿಂದ ಕಡಲಗಾಳಿ. ಅದು ತಡವಾದ ದಿನ ಊರೆಲ್ಲ ಬೆಂದುಹೋಗುತ್ತದೆ. ದಕ್ಷಿಣದ ಕಿಟಕಿ ಆ ಗಾಳಿಯನ್ನು ಓರೆಯಾಗಿ ಹಿಡಿಯುತ್ತದೆ. ಎದುರಿನ ಉತ್ತರದ ಗೋಡೆಯಲ್ಲೂ ಕಿಟಕಿ ಇದ್ದರೆ ಮಾತ್ರ ಅದು ಹಾದುಹೋಗುತ್ತದೆ. ನಡುವೆ ಕಾರಿಡಾರ್, ಎರಡು ಕಡೆಯೂ ಕೋಣೆ ಎಂಬ ಈಗಿನ ಮಾಮೂಲಿ ನಕ್ಷೆಯಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಬೆಂಗಳೂರಿನ ಐಐಎಂಗೆ ಹೋದವರು ಬಿ.ವಿ. ದೋಶಿಯವರ ಕಲ್ಲುಗೋಡೆಯ ಓಣಿಗಳನ್ನು ನೋಡಿರುತ್ತೀರಿ. ಅರ್ಧ ಬಿಸಿಲು, ಅರ್ಧ ನೆರಳು, ಬಳ್ಳಿ. ಓಡಾಡುವ ಜಾಗಕ್ಕೆ ಏಸಿ ಬೇಡವೇ ಬೇಡ. ಬೆಂಗಳೂರಿನ ಹವೆ ನಮಗಿಲ್ಲ, ನಿಜ. ನೆರಳಂತೂ ಇರಬಹುದಲ್ಲ?

ಕಿಟಕಿ ತೆರೆದರೆ ಸೊಳ್ಳೆ ಬರುತ್ತದೆ, ಬಸ್ಸಿನ ಹಾರ್ನ್ ಬರುತ್ತದೆ. ಸೊಳ್ಳೆಪರದೆ ಹಾಕಿದರೆ ಗಾಳಿಯೂ ಕಡಿಮೆ. ಮೇ ತಿಂಗಳ ತೇವಕ್ಕೆ ಬರೀ ಫ್ಯಾನ್ ಸಾಲದು. ನನ್ನ ಮಟ್ಟಿಗೆ ಏಸಿ ಬೇಡ ಎನ್ನುವುದು ಹಟ. ಏಸಿಯ ಜೊತೆಗೆ ಹೊಸಗಾಳಿ ತರುವ ವ್ಯವಸ್ಥೆಯೂ ಇರಲಿ, ಚಳಿಗಾಲದಲ್ಲಿ ಕಿಟಕಿ ತೆರೆಯುವಂತಿರಲಿ. ತೆರೆಯಲು ಬಾರದ ಗಾಜಿನ ಗೋಡೆ ಮಾತ್ರ ಈ ಊರಿಗಲ್ಲ. ಕರೆಂಟು ಹೋಯಿತೆಂದರೆ ಅಲ್ಲಿ ಕೂರಲಾಗದು.

ನೀರಿನ ಮಾತೂ ಇದೆ. 2015ರ ಡಿಸೆಂಬರಿನಲ್ಲಿ ಮುಳುಗಿದ ಊರು 2019ರ ಬೇಸಗೆಯಲ್ಲಿ ಲಾರಿ ನೀರಿಗೆ ಕಾದು ನಿಂತಿತು. ಮಳೆನೀರು ಇಂಗಿಸುವುದು ತಮಿಳುನಾಡಿನಲ್ಲಿ 2003ರಿಂದಲೇ ಕಡ್ಡಾಯ. ಗುಂಡಿಯ ಹೂಳು ತೆಗೆದದ್ದು ಯಾವಾಗ ಎಂದು ವಿಚಾರಿಸಿ. ಹಾಗೇ ಹೆಣ್ಣುಮಕ್ಕಳ ಶೌಚಾಲಯವನ್ನೂ ನೋಡಿ ಬನ್ನಿ. ಅದು ಕೊಳಕಾಗಿದ್ದರೆ ಹುಡುಗಿಯರು ಇಡೀ ದಿನ ನೀರು ಕುಡಿಯದೆ ಕೂರುತ್ತಾರೆ. ಈ ಸೆಕೆಯಲ್ಲಿ ಅದರಿಂದ ಉರಿಮೂತ್ರ, ಮೂತ್ರದ ಸೋಂಕು, ಕಲ್ಲು. ಕಾಲೇಜು ನೋಡಲು ಬೆಳಗ್ಗೆ ಹತ್ತಕ್ಕೆ ಹೋಗಬೇಡಿ, ಮಧ್ಯಾಹ್ನ ಎರಡಕ್ಕೆ ಹೋಗಿ. ನೇರ ಮೇಲಿನ ಮಹಡಿಗೆ ಹತ್ತಿ, ಕೊನೆಯ ಬೆಂಚಿನಲ್ಲಿ ಹತ್ತು ನಿಮಿಷ ಕೂತು ನೋಡಿ.